ಅಕ್ಕ ಹಚ್ಚುವ ದೀಪ

ಇಸ್ರೇಲಿನ ಹೈಫಾದಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಎಂಬತ್ತು ದಾಟಿದೆ. ಇಲ್ಲಿ ಅಜ್ಜಿ ಅಂತ ಕರೆಯುವ ರೂಢಿಯಿಲ್ಲ, ಆದರೂ ನನಗೆ ಅವರು ಅಜ್ಜಿಯೇ. ಅವರ ತಮ್ಮ ಇಸ್ರೇಲಿನ ‘ಐಲಾತ್’ ಯುದ್ಧನೌಕೆಯಲ್ಲಿದ್ದ. 1967ರ ಅಕ್ಟೋಬರ್ 21ರಂದು ಪೋರ್ಟ್ ಸೈದ್ ಹತ್ತಿರ ಈಜಿಪ್ಟಿನ ದೋಣಿಗಳು ಬಿಟ್ಟ ಸ್ಟಿಕ್ಸ್ ಕ್ಷಿಪಣಿಗಳಿಗೆ ಆ ಹಡಗು ಮುಳುಗಿತು. 47 ಜನ ಸತ್ತರು. ತಮ್ಮನಿಗೆ ಆಗ ಹತ್ತೊಂಬತ್ತು. ಮದುವೆಯಾಗಿರಲಿಲ್ಲ.

ಅವನು ತೀರಿಹೋದ ದಿನ ಯಹೂದಿಗಳ ಸುಕ್ಕೋತ್ ಹಬ್ಬದ ನಡುವೆ ಬರುತ್ತದೆ. ನಮ್ಮ ತಿಥಿಯಂತೆ ಇವರದ್ದೂ ಚಂದ್ರನ ಲೆಕ್ಕ. ಇವರಿಗೆ ದಿನ ಶುರುವಾಗುವುದು ಹೊತ್ತು ಮುಳುಗಿದಾಗ. ಹಾಗಾಗಿ ಹಿಂದಿನ ಸಂಜೆಯೇ ಅಜ್ಜಿ ಪುಟ್ಟ ಡಬ್ಬಿಯ ಮೇಣದ ದೀಪ ಹಚ್ಚುತ್ತಾರೆ. 24 ಗಂಟೆ ಉರಿಯುತ್ತೆ. ಪಕ್ಕದಲ್ಲಿ ಅವನ ಫೋಟೋ, ಬಿಳಿ ಟೋಪಿ ಸ್ವಲ್ಪ ವಾಲಿದೆ. ಆಮೇಲೆ ಮಾತು. ಓಣಿಯವರ ರೇಡಿಯೋ ಬಿಚ್ಚಿ ಕೂರುತ್ತಿದ್ದನಂತೆ. ಕೆಲವು ಮತ್ತೆ ಹಾಡಲೇ ಇಲ್ಲವಂತೆ. ಇದನ್ನು ಹೇಳುವಾಗ ಪ್ರತಿ ಸಲ ನಗುತ್ತಾರೆ.

ಯುದ್ಧದಲ್ಲಿ ಸತ್ತವರ ದಿನ ಇಡೀ ದೇಶದಲ್ಲಿ ಸೈರನ್ ಕೂಗುತ್ತದೆ, ಜನ ಕಾರಿಳಿದು ನಿಲ್ಲುತ್ತಾರೆ. ಅದೂ ದೊಡ್ಡದೇ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಈ ಅಡುಗೆಮನೆಯ ದೀಪ.

1971ರ ಡಿಸೆಂಬರ್ 9ರಂದು ದಿಯು ಬಳಿ ನಮ್ಮ ನೌಕಾಪಡೆಯ ‘ಖುಕ್ರಿ’ ಯುದ್ಧನೌಕೆ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಹಡಗಿನ ಕ್ಯಾಪ್ಟನ್ ಮುಲ್ಲಾ ಅವರ ಹೆಸರು ನಮಗೆ ಗೊತ್ತು. ಉಳಿದವರಲ್ಲಿ ಮದುವೆಯಾಗದ ಹುಡುಗರು ಎಷ್ಟಿದ್ದರೋ. ಅವರ ಅಕ್ಕತಂಗಿಯರು ಆ ದಿನ ಏನು ಮಾಡುತ್ತಾರೋ.

ನಮ್ಮ ಮನೆಯಲ್ಲೂ ಒಬ್ಬ ಚಿಕ್ಕಪ್ಪ ಮದುವೆಗೆ ಮೊದಲೇ ತೀರಿಹೋದರು. ಮಹಾಲಯದಲ್ಲಿ ಅಪ್ಪ ಅವರಿಗೂ ಒಂದು ಪಿಂಡ ಇಡುತ್ತಿದ್ದರು. ಹೆಸರು, ಗೋತ್ರ, ಅಷ್ಟೇ. ಅತ್ತೆ, ಅಂದರೆ ಚಿಕ್ಕಪ್ಪನ ಸ್ವಂತ ಅಕ್ಕ, ಒಳಗೆ ವಡೆ ಕರಿಯುತ್ತಿದ್ದರು. ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಇದು ಸರಿಯಲ್ಲ ಅಂತ ನನಗೆ ಈಗ ಖಂಡಿತ ಅನಿಸುತ್ತದೆ. ಮಂತ್ರ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅವನನ್ನು ಎತ್ತಿ ಆಡಿಸಿದವಳಿಗೂ ಆ ದಿನ ಒಂದು ಜಾಗ ಬೇಕು ಅಲ್ವಾ?

ಈ ಸಲ ಮಹಾಲಯದ ದಿನ ಅತ್ತೆಗೆ ಫೋನ್ ಮಾಡಿದೆ. “ಚಿಕ್ಕಪ್ಪ ಹೇಗಿದ್ದರು ಅತ್ತೆ?”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಈಜು ಬರ್ತಿರಲಿಲ್ಲ ಕಣೋ, ಆದರೂ ಕೆರೆಗೆ ಹಾರೋನು,” ಅಂದರು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರು.