ಬಾಣಂತಿ ಕೋಣೆಗೊಂದು ಕ್ಯಾಮೆರಾ

ಹಸುಗೂಸಿನ ಫೋಟೊ ತೆಗೆಯುವವರು ಹುಟ್ಟಿದ 5ರಿಂದ 14 ದಿನದೊಳಗೆ ಕರೆಯಿರಿ ಎನ್ನುತ್ತಾರೆ. ಶಿರಸಿ ಕಡೆಯ ಹಲವು ಮನೆಗಳಲ್ಲಿ ಹತ್ತು ದಿನ ಪುರುಡು. ಕ್ಯಾಮೆರಾ ಹಿಡಿದವನಿಗೆ ಜಗಲಿಯವರೆಗೆ ಮಾತ್ರ ಪ್ರವೇಶ. 11ನೇ ದಿನವೋ 12ನೇ ದಿನವೋ ನಾಮಕರಣ. ‘ಹೇಗೂ ಫೋಟೊದವ ಬಂದಿರ್ತಾನೆ, ಅಂದೇ ಮುಗಿಸಿಬಿಡೋಣ’ ಎಂದು ಮಾವಂದಿರು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಕೂಡುವುದಿಲ್ಲ. ಬೆಳಗಿನಿಂದ ಮಡಿಲಿಂದ ಮಡಿಲಿಗೆ ಹೋಗಿ, ಹಾಲಿನ ಹೊತ್ತು ತಪ್ಪಿ, ಹೋಮದ ಹೊಗೆ ಕುಡಿದ ಮಗು ಸಂಜೆಗೆ ಯಾರ ಮಾತನ್ನೂ ಕೇಳುವುದಿಲ್ಲ. ಮನೆಯ ಶಾಸ್ತ್ರ, ಫೋಟೊದವರ ಶಾಸ್ತ್ರ ಎರಡನ್ನೂ ಪಾಲಿಸುವ ಮನೆಗೆ ನಾಮಕರಣ ಕಳೆದ ಮೇಲೆ ಉಳಿಯುವುದು ಎರಡೋ ಮೂರೋ ದಿನ.

ಈ ಗಡುವಿಗೆ ಕಾರಣವಿದೆ. ಮೊದಲೆರಡು ವಾರ ಮಗು ಗಾಢವಾಗಿ ನಿದ್ದೆ ಮಾಡುತ್ತದೆ, ಹೊಟ್ಟೆಯೊಳಗಿದ್ದ ಹಾಗೇ ಮುದುರಿಕೊಳ್ಳುತ್ತದೆ. ಆಮೇಲೆ ಕೈಕಾಲು ಚಾಚುವುದು ಕಲಿಯುತ್ತದೆ, ಕೆನ್ನೆಯ ಮೇಲೆ ಸಣ್ಣ ಕೆಂಪು ಗುಳ್ಳೆಗಳೂ ಏಳಬಹುದು. ತಿಂಗಳಾದರೂ ಫೋಟೊ ತೆಗೆಯಬಹುದು, ಮುದುರಿದ ಭಂಗಿ ಸಿಗುವುದಿಲ್ಲ ಅಷ್ಟೆ. ಅವಧಿಗೆ ಮೊದಲೇ ಹುಟ್ಟಿದ ಮಗು, ಕಾಮಾಲೆಗೆಂದು ದೀಪದ ಕೆಳಗೆ ಮಲಗಿ ಬಂದ ಮಗು ಆದರೆ ವೈದ್ಯರು ಹೂಂ ಎಂದ ಮೇಲೆಯೇ ದಿನ ಗೊತ್ತು ಮಾಡಬೇಕು. ಹೊಕ್ಕಳ ಬಳ್ಳಿ ಇನ್ನೂ ಬಿದ್ದಿಲ್ಲವಾದರೆ ಬಟ್ಟೆಯ ಅಂಚು ಅದರ ಮೇಲೆ ಹಗುರಾಗಿ ಬರಲಿ. ಎಳೆಯಬಾರದು.

ದುಡ್ಡು ತೆಗೆದುಕೊಂಡು ಫೋಟೊಗ್ರಾಫರ್ ಹೇಳುವ ತಯಾರಿಯನ್ನು ಮನೆಯ ಅಜ್ಜಿ ದಿನಾ ಪುಕ್ಕಟೆ ಮಾಡುತ್ತಿರುತ್ತಾಳೆ: ಮೀಸುವುದು, ಹಾಲು ಕುಡಿಸುವುದು, ತೇಗಿಸುವುದು, ಬಿಗಿಯಾಗಿ ಸುತ್ತಿ ಮಲಗಿಸುವುದು. ಮಿಂದ ಮೇಲಿನ ನಿದ್ದೆಯೇ ಸೆಷನ್ನಿನ ಹೊತ್ತು. ಅಂದಿನ ಮಟ್ಟಿಗೆ ಅಜ್ಜಿಯ ಎರಡು ಪದ್ಧತಿ ಬದಲಾಗಬೇಕು. ತಲೆಗೆ, ಹಣೆಗೆ ಎಣ್ಣೆ ಕಡಿಮೆ. ಇಲ್ಲದಿದ್ದರೆ ಮೂಗಿನ ತುದಿ ಕಂಚಿನ ಲೋಟದಂತೆ ಹೊಳೆಯುತ್ತದೆ. ಲೋಬಾನದ ಹೊಗೆ, ಕೆಂಡದ ಅಗ್ಗಿಷ್ಟಿಕೆ ಎರಡೂ ಹೊರಗೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅಂದು ಮಾತ್ರವಲ್ಲ, ಎಂದೂ ಒಳ್ಳೆಯದಲ್ಲ.

ಕೋಣೆಯ ಬಿಸಿ 26ರಿಂದ 28 ಡಿಗ್ರಿ ಇರಬೇಕು. ಕಾರವಾರದಲ್ಲಿ ಫ್ಯಾನ್ ನಿಲ್ಲಿಸಿದರೆ ಸಾಕು. ‘ತಮ್ಮಾ, ಫ್ಯಾನ್ ಹಾಕಡ, ಮಗೂಗೆ ಥಂಡಿ ಆಗ್ತು’ ಎಂದು ಘಟ್ಟದ ಮೇಲಿನ ಅಜ್ಜಿ ಹೇಳಿದರೆ ಬೆವರೊರೆಸಿಕೊಂಡು ಒಪ್ಪಿಕೊಳ್ಳುವುದೇ ಸರಿ. ಬಟ್ಟೆಯಿಲ್ಲದ ಮಗುವಿನ ಪಾದ ನೀಲಿಗಟ್ಟಿದರೆ ಬೇಗ ಸುತ್ತಬೇಕು. ಇತ್ತ ಕ್ಯಾಮೆರಾದ ಪಾಡು ಬೇರೆ. ಎಸಿ ಕಾರಿನಿಂದ ಇಳಿದು, ಮೀಯುವ ನೀರಿನ ಹಬೆ ತುಂಬಿದ ಕೋಣೆಯಲ್ಲಿ ತಟ್ಟನೆ ಚೀಲ ತೆರೆದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಚೀಲವನ್ನು ಮುಚ್ಚಿದಂತೆಯೇ ಅರ್ಧ ಗಂಟೆ ಅಲ್ಲಿಟ್ಟು, ಅಷ್ಟರಲ್ಲಿ ಉಂಗುರ ತೆಗೆದು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯಬಹುದು. ಕೆಮ್ಮು ನೆಗಡಿ ಇರುವ ಫೋಟೊಗ್ರಾಫರ್ ಬರುವುದೇ ಬೇಡ.

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕೆಡುವುದು ಬೆಳಕು. ಹಳೆಯ ಮನೆಯಲ್ಲಿ ಮಾಡಿನ ಗಾಜಿನ ಹಂಚಿನಿಂದ ಒಂದು ಚೌಕ ಬಿಸಿಲು ಬೀಳುತ್ತದೆ. ನೋಡಲು ಚೆಂದ, ಅದರ ಕೆಳಗೆ ಮಗುವನ್ನು ಮಲಗಿಸಿದರೆ ಒಂದು ಕೆನ್ನೆ ಸುಣ್ಣದಷ್ಟು ಬೆಳ್ಳಗೆ, ಇನ್ನೊಂದು ಕತ್ತಲೆ. ಸರಿ, ಕಿಟಕಿಯ ಪಕ್ಕ ಹೋಗೋಣ ಎಂದರೆ ಹೊರಗೆ ಅಡಿಕೆ ತೋಟ. ಅದರ ಹಸಿರು ಬೆಳಕು ಒಳಗೆ ಬಂದು, ಮೊದಲೇ ಹಳದಿ ಛಾಯೆಯಿರುವ ಎಳೆ ಚರ್ಮದ ಮೇಲೆ ಬಿದ್ದರೆ ಗಟ್ಟಿಮುಟ್ಟಾದ ಮಗುವೂ ಕಾಯಿಲೆ ಬಿದ್ದಂತೆ ಕಾಣುತ್ತದೆ. ಕೆಳಗೆ ಕೆಂಪು ಗಾರೆಯ ನೆಲ. ಅದು ಗಲ್ಲದ ಅಡಿಗೆ ಕೆಂಪು ಬಳಿಯುತ್ತದೆ. ಮೇಲೆ ಎಲ್‌ಇಡಿ ಬಲ್ಬು ಬೇರೆ ಉರಿಯುತ್ತಿದ್ದರೆ ಬೆಳಕಿನ ಬಣ್ಣವನ್ನು ಸರಿದೂಗಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಯಾವುದಕ್ಕೆಂದು ಹೊಂದೀತು? ಬಲ್ಬು ಆರಿಸಿ. ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿ, ನೆಲಕ್ಕೆ ಬಿಳಿ ಹಾಸು ಹಾಸಿ. ತಲೆ ಕಿಟಕಿಯ ಕಡೆಗೆ ಓರೆಯಾಗಿರಲಿ; ಬೆಳಕು ಹಣೆಯಿಂದ ಗಲ್ಲಕ್ಕೆ ಇಳಿಯಬೇಕು. ಗಲ್ಲದ ಕಡೆಯಿಂದ ಬಂದರೆ ಮೂಗಿನ ನೆರಳು ಹಣೆಯ ಮೇಲೇರಿ ಮುಖ ವಿಕಾರವಾಗುತ್ತದೆ. ಮೊಬೈಲ್ ಆದರೆ ಮೂತಿಯ ಹತ್ತಿರ ಹಿಡಿಯದೆ, ಒಂದು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಜೂಮ್ ಬಳಸಬೇಕು.

ಆನ್‌ಲೈನಿನಲ್ಲಿ ಉಣ್ಣೆಯ ಗೂಡು, ಪ್ಲಾಸ್ಟಿಕ್ ಚಂದ್ರ ತರಿಸುವ ಮುಂಚೆ ತೋಟಕ್ಕೊಂದು ಸುತ್ತು ಹೋಗಿ ಬರಬಹುದು. ಶಿಶುವನ್ನು ಮಲಗಿಸಲು ಅಡಿಕೆ ಹಾಳೆಯಷ್ಟು ಒಳ್ಳೆಯ ಜಾಗ ಬೇರಿಲ್ಲ. ಒಳಮೈ ನುಣುಪು, ಕೆನೆ ಬಣ್ಣ, ಬಾಗು ತಾನಾಗಿಯೇ ಇದೆ. ಅಗಲವಾದದ್ದನ್ನು ಆರಿಸಿ, ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ, ಆಕಾರ ಕೊಟ್ಟು ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಸುರುಳಿಯಾಗಿ ಸೀಳುತ್ತದೆ, ಮಳೆಗಾಲದಲ್ಲಿ ಅರೆಬರೆ ಒಣಗಿಸಿದರೆ ಬೂಷ್ಟು ಹಿಡಿಯುತ್ತದೆ. ಅಂಚು ಕೊಯ್ಯುವಷ್ಟು ಚೂಪು. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಅಂಚಿನಾಚೆಗೂ ಇಳಿಬಿಡಬೇಕು. ಮೊರ, ಬಿದಿರ ಬುಟ್ಟಿಗೂ ಅದೇ ಉಪಚಾರ: ಸಿಬಿರು ಇದೆಯೇ ಎಂದು ಮೊದಲು ಒಂದು ಸೀರೆಯ ತುಂಡಿನಿಂದ ಸವರಿ ನೋಡಿ, ಬುಟ್ಟಿ ಮಗುಚದಂತೆ ತಳದಲ್ಲಿ ಭಾರ ಇಡಿ. ಅಬ್ಬಲಿಗೆ, ಮಲ್ಲಿಗೆ ಇಡುವುದಾದರೆ ಕೊಡವಿ ಇರುವೆ ಓಡಿಸಿ, ಮೂಗಿನಿಂದ ದೂರ. ಹೊಸ ಬಟ್ಟೆಯನ್ನು ಒಗೆಯದೆ ಸುತ್ತಬಾರದು. ಜೂನ್–ಜುಲೈನಲ್ಲಾದರೆ ನಾಲ್ಕು ದಿನ ಮುಂಚೆಯೇ ಒಗೆದು ಹಾಕಿ. ಬಚ್ಚಲ ಒಲೆಯ ಮೇಲೆ ಒಣಗಿಸಿದ್ದು ಹೊಗೆ ವಾಸನೆ ಹೊಡೆಯುತ್ತದೆ.

ಡಯಾಪರಿನ ಇಲಾಸ್ಟಿಕ್ ಗೆರೆ ಮಾಯಲು ಅರ್ಧ ಗಂಟೆಯಾದರೂ ಬೇಕು, ಆದ್ದರಿಂದ ಮೊದಲೇ ಬಿಚ್ಚಿ ಹಾಸಿನಡಿ ರಬ್ಬರ್ ಶೀಟ್ ಹಾಕುವುದು ವಾಸಿ. ಉಡಿದಾರ ಇರಲಿ. ಹಾಲು ಕುಡಿದು ಹದಿನೈದು–ಇಪ್ಪತ್ತು ನಿಮಿಷವಾದ ಮೇಲೆ ಕೈ ಎತ್ತಿ ನೋಡಿ: ಸೋತಂತೆ ಕೆಳಗೆ ಬಿದ್ದರೆ ಗಾಢ ನಿದ್ದೆ, ತಡೆದು ಹಿಡಿದರೆ ಇನ್ನೂ ಕಾಯಬೇಕು. ಸುತ್ತುವಾಗ ತೋಳು ಒಳಗಿರಲಿ, ಆದರೆ ಕಾಲನ್ನು ನೆಟ್ಟಗೆ ಎಳೆದು ಬಿಗಿಯಬಾರದು. ಮಂಡಿ ಮಡಚಿ ಸೊಂಟ ಸಡಿಲವಾಗಿರಬೇಕು, ಇಲ್ಲವಾದರೆ ಸೊಂಟದ ಕೀಲಿಗೆ ಕೆಡುಕು. ಕಪ್ಪೆಯಂತೆ ಕೂತು ಗಲ್ಲಕ್ಕೆ ಕೈಕೊಟ್ಟ ಫೋಟೊ ನೋಡಿ ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು. ಅದು ಒಂದು ಫೋಟೊ ಅಲ್ಲ. ಒಮ್ಮೆ ತಲೆಯನ್ನು, ಒಮ್ಮೆ ಮುಂಗೈಯನ್ನು ದೊಡ್ಡವರು ಹಿಡಿದು ತೆಗೆದ ಎರಡನ್ನು ಜೋಡಿಸಿದ್ದು. ಹಂಚಿನ ಮೇಲೆ ಒಂದೇ ಸಮನೆ ಸುರಿಯುವ ಮಳೆಗೆ ಮಗು ಏಳುವುದಿಲ್ಲ, ಮಿಕ್ಸಿಗೆ ಏಳುತ್ತದೆ. ಮೂರು ಗಂಟೆಯ ಸೆಷನ್ನಿನಲ್ಲಿ ಅರ್ಧ ಹೊತ್ತು ಹಾಲಿಗೆ, ಬಟ್ಟೆ ಬದಲಿಸಲಿಕ್ಕೆ ಹೋಗುವುದರಿಂದ ಬಾಣಂತಿಗೆ ಒರಗಿ ಕೂರಲು ದಿಂಬು, ಕುಡಿಯಲು ಬಿಸಿನೀರು ಪಕ್ಕದಲ್ಲಿರಲಿ.

ಕಣ್ಣಿಗೆ ಕಾಡಿಗೆ ಬೇಡ, ವೈದ್ಯರೂ ಬೇಡ ಎನ್ನುತ್ತಾರೆ. ಕೆನ್ನೆಯ ದೃಷ್ಟಿಬೊಟ್ಟಿನ ವಿಷಯವನ್ನು ಮಾತ್ರ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಸುಲಿಯುವ ಸಿಪ್ಪೆ, ಉಗುರಿನ ಗೀರು ಅಳಿಸುವ ಭರದಲ್ಲಿ ಎಡಿಟ್ ಮಾಡುವವ ಅದನ್ನೂ ಅಳಿಸಿ ಕಳಿಸಿದರೆ ಅಜ್ಜಿಯ ಎದುರು ಅವನಿಗೆ ಬಚಾವಿಲ್ಲ. ಹುಟ್ಟುಮಚ್ಚೆಯನ್ನೂ ಕೇಳದೆ ಅಳಿಸಬಾರದು. ಚೌಕಟ್ಟು ಹಾಕಿಸುವವರು ಗಾಜಿಗೂ ಫೋಟೊಗೂ ನಡುವೆ ಮೌಂಟ್ ಬೋರ್ಡ್ (ಫೋಟೊದ ಸುತ್ತ ಅಂಚಿನಂತೆ ಕೂರುವ ದಪ್ಪ ರಟ್ಟು) ಇಡಿಸಲಿ, ಪ್ರಿಂಟು ಹೊಳಪಿಲ್ಲದ ಮ್ಯಾಟ್ ಆಗಿರಲಿ. ಕರಾವಳಿಯ ಮಳೆಗಾಲದ ಪಸೆಗೆ ಗ್ಲಾಸಿ ಕಾಗದ ಗಾಜಿಗೆ ಅಂಟಿಕೊಂಡರೆ ಬಿಡಿಸುವಾಗ ಮೂಗೇ ಕಿತ್ತು ಬರುತ್ತದೆ.