ಮರಳಿನ ಮಾತಷ್ಟೇ ಕೇಳಿ ತೀರ್ಪು ಕೊಡಬೇಡಿ

ಈಗಷ್ಟೇ ಒಂದು ಆನ್‌ಲೈನ್ ಉಪನ್ಯಾಸ ಕೇಳಿ ಲ್ಯಾಪ್‌ಟಾಪ್ ಮುಚ್ಚಿದೆ. ಮುಚ್ಚಿದ್ದಲ್ಲ, ಬಡಿದೆ. ನದಿಯ ಮರಳಿನ ಒಂದೇ ಒಂದು ಸಂಖ್ಯೆ ನೋಡಿ, ಅಲ್ಲಿನ ಕಲ್ಲು ಕರಗುತ್ತಿದೆಯೋ ಇಲ್ಲವೋ ಅಂತ ತೀರ್ಪು ಕೊಟ್ಟರೆ ನನಗೆ ಇಷ್ಟು ಸಿಟ್ಟು ಬರುತ್ತದೆ.

ಭಾಷಣಕಾರರು ಬೆಟ್ಟದ ನದಿಯೊಂದರ ಮರಳು ತಂದು ಸಿಐಎ, ಅಂದರೆ ಕೆಮಿಕಲ್ ಇಂಡೆಕ್ಸ್ ಆಫ್ ಆಲ್ಟರೇಶನ್, ಲೆಕ್ಕ ಹಾಕಿದ್ದರು. 1982ರಲ್ಲಿ ನೆಸ್ಬಿಟ್ ಮತ್ತು ಯಂಗ್ ಎಂಬ ಭೂವಿಜ್ಞಾನಿಗಳು ಕೊಟ್ಟ ಸೂಚ್ಯಂಕ. ಕಲ್ಲಿನ ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ ಕರಗಿ ಹೋಗುತ್ತವೆ, ಅಲ್ಯೂಮಿನಿಯಂ ಉಳಿಯುತ್ತದೆ. ಉಳಿದದ್ದರ ಪಾಲು ನೋಡಿದರೆ ಕಲ್ಲು ಎಷ್ಟು ಕೊಳೆತಿದೆ ಅಂತ ತಿಳಿಯುತ್ತದೆ. ಕಲ್ಲುಗಳಲ್ಲಿ ಸಾಮಾನ್ಯವಾಗಿ ಸಿಗುವ ಖನಿಜ ಫೆಲ್ಡ್‌ಸ್ಪಾರ್ ತಾಜಾ ಇದ್ದರೆ ಸುಮಾರು 50, ಪೂರ್ತಿ ಕೆಯೊಲಿನೈಟ್ ಜೇಡಿಯಾದರೆ 100. ಇವರಿಗೆ 50ರ ಆಸುಪಾಸು ಬಂತು. ತಕ್ಷಣ ತೀರ್ಪು: ಇಲ್ಲಿ ರಾಸಾಯನಿಕ ಶಿಥಿಲೀಕರಣ, ಅಂದರೆ ನೀರು ಕಲ್ಲನ್ನು ಕರಗಿಸಿ ಕೊಳೆಸುವುದು, ನಡೆಯುವುದೇ ಇಲ್ಲ!

ಅಲ್ಲ ಸ್ವಾಮಿ, ಎಷ್ಟು ಕೊಳೆತಿದೆ ಅನ್ನುವುದು ಬೇರೆ, ಎಷ್ಟು ಕರಗಿ ಹೋಗುತ್ತಿದೆ ಅನ್ನುವುದು ಬೇರೆ. ಕಡಿದಾದ ಬೆಟ್ಟದಲ್ಲಿ ಕಲ್ಲಿಗೆ ಕೊಳೆಯಲು ಪುರುಸೊತ್ತಿಲ್ಲ. ಕುಸಿಯುತ್ತದೆ, ನದಿಗೆ ಬೀಳುತ್ತದೆ, ಹೊರಟೇ ಹೋಗುತ್ತದೆ. ಒಂದೊಂದು ಹರಳು ಕಳೆದುಕೊಳ್ಳುವುದು ಚೂರೇ ಚೂರು. ಆದರೆ ಹರಳುಗಳು ಎಷ್ಟು! ದಿನವೂ ಹೊಸ ಕಲ್ಲು ಬಿರಿದು ಮಳೆನೀರಿಗೆ ಮೈ ಒಡ್ಡುತ್ತಿರುತ್ತದೆ. ಸುಣ್ಣಕಲ್ಲಿದ್ದರಂತೂ ಇನ್ನೂ ಬೇಗ ಕರಗುತ್ತದೆ. ತಮಾಷೆ ಅಂದರೆ, ಸಿಐಎ ಲೆಕ್ಕದಲ್ಲಿ ಸುಣ್ಣಕಲ್ಲಿನ ಕ್ಯಾಲ್ಸಿಯಂ ಅನ್ನು ಬೇಕೆಂದೇ ಹೊರಗಿಡುತ್ತಾರೆ.

ಅಮೆಜಾನ್ ನೋಡಿ. ಅದು ಕರಗಿಸಿ ಒಯ್ಯುವ ಲವಣದಲ್ಲಿ ಹೆಚ್ಚಿನ ಪಾಲು ಆಂಡೀಸ್ ಪರ್ವತಗಳ ಕಡೆಯದು. ಆಂಡೀಸ್ ಅದರ ಜಲಾನಯನದಲ್ಲಿ ಒಂದು ಸಣ್ಣ ತುಂಡು ಅಷ್ಟೇ. ಅದೇ ಸಮತಟ್ಟಾದ ಹಳೆಯ ನೆಲದಲ್ಲಿ ಮಣ್ಣು ಆಳಕ್ಕೆ ಕೊಳೆತು ಸೂಚ್ಯಂಕ ಮೇಲಿರುತ್ತದೆ, ಆದರೆ ಕರಗಲು ಏನೂ ಉಳಿದಿರುವುದಿಲ್ಲ. ಅಲ್ಲಿಂದ ಬರುವ ಉಪನದಿ ರಿಯೋ ನೀಗ್ರೋದ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ.

"ಸೂಚ್ಯಂಕ ಸುಲಭ, ಹೋಲಿಸೋಕೆ ಅನುಕೂಲ" ಅಂತ ಯಾರಾದರೂ ಕಾಮೆಂಟ್ ಹಾಕೇ ಹಾಕ್ತೀರಿ. ಸುಲಭ, ಹೌದು. ತೂಕದ ಯಂತ್ರದ ಮೇಲೆ ನಿಂತು ಜ್ವರ ಎಷ್ಟಿದೆ ಅನ್ನುವುದೂ ಸುಲಭವೇ. ನದಿಯ ಒಂದೇ ತಿರುವಿನಲ್ಲಿ ನಡುವಿನ ಮರಳು ಎತ್ತಿದರೆ ಒಂದು ಸಂಖ್ಯೆ, ದಡದ ಕೆಸರು ಎತ್ತಿದರೆ ಅದಕ್ಕಿಂತ ಜಾಸ್ತಿ. ಜೇಡಿಯನ್ನು ನೀರು ಬೇರೆ ಮಾಡಿಟ್ಟಿರುತ್ತದೆ, ಅಷ್ಟೇ. ಯಾವುದನ್ನು ನಂಬುತ್ತೀರಿ?

ಸರಿ, ಒಪ್ಪಿಕೊಳ್ಳುತ್ತೇನೆ. ನನ್ನ ಥೀಸಿಸ್‌ನಲ್ಲಿ ನಾನೂ ಇದನ್ನೇ ಮಾಡಿದ್ದೆ. ಮರಳು ಜರಡಿ ಹಿಡಿದು, ಜೇಡಿಯನ್ನು ಸಿಂಕಿಗೆ ಚೆಲ್ಲಿ, ಬಂದ ಸಂಖ್ಯೆ ನೋಡಿ "ಶಿಥಿಲೀಕರಣ ದುರ್ಬಲ" ಅಂತ ಬರೆದು ಬಿಟ್ಟಿದ್ದೆ. ಎಷ್ಟೋ ದಿನದ ಮೇಲೆ ಸುಮ್ನೆ ಅದೇ ಮರಳನ್ನು ಲೆನ್ಸ್ ಕೆಳಗಿಟ್ಟೆ. ಕ್ವಾರ್ಟ್ಜ್ ಗಾಜಿನ ಹಾಗೆ ಹೊಳೆಯುತ್ತಿತ್ತು. ಪಕ್ಕದ ಫೆಲ್ಡ್‌ಸ್ಪಾರ್ ಮಂಕಾಗಿತ್ತು, ಅಂಚು ಸೀಮೆಸುಣ್ಣದಂತೆ ಬೆಳ್ಳಗಾಗಿತ್ತು. ಸೂಜಿ ತಾಗಿಸಿದ್ದೇ ಪುಡಿ ಉದುರಿತು. ಅವತ್ತಿನಿಂದ ಆ ಪುಟ ತೆರೆದು ನೋಡಿಲ್ಲ.

ಇವತ್ತಿನ ಉಪನ್ಯಾಸದ ಕೊನೆಗೆ ಭಾಷಣಕಾರರಿಗೆ ಪ್ರಶ್ನೆ ಕೇಳಿದ್ದೆ: "ನದಿಯ ನೀರಿನ ಸ್ಯಾಂಪಲ್ ತಂದಿದ್ದೀರಾ ಸರ್?"

"ಇಲ್ಲ, ಬಾಟಲಿ ಹೊತ್ತು ಇಳಿಯೋದು ಕಷ್ಟ ಆಯ್ತು."

ಎರಡು ಮೂಟೆ ಮರಳು ಹೊತ್ತು ಇಳಿದವರು ಹೇಳಿದ ಮಾತಿದು.