ವರ್ಷಕ್ಕೆ ಹತ್ತು ದಿನದ ಮನೆ

ಬೆಳಗಾವಿ ಸುತ್ತಮುತ್ತ ಮನೆ ಕಟ್ಟಿಸಬೇಕೆಂದಿರುವವರು ಯೂಟ್ಯೂಬ್‌ನಲ್ಲಿ ‘ಡ್ಯೂಪ್ಲೆಕ್ಸ್ ಡಿಸೈನ್’ ಹುಡುಕುತ್ತ ಮೊಬೈಲಿನ ಡೇಟಾ ಸುಡಬೇಕಿಲ್ಲ. ಹೆದ್ದಾರಿ ಹಿಡಿದು ಹಲಗಾ-ಬಸ್ತವಾಡದ ತನಕ ಒಮ್ಮೆ ಹೋಗಿ ಬಂದರೆ ಸಾಕು. ದಿಬ್ಬದ ಮೇಲೆ ಬೆಳ್ಳಗೆ ನಿಂತಿದೆ ಸುವರ್ಣ ವಿಧಾನಸೌಧ, ನಮ್ಮ ಭಾಗದ ಮಾದರಿ ಮನೆ. 2012ರ ಅಕ್ಟೋಬರ್ 11ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರ ಕೈಯಿಂದ ಗೃಹಪ್ರವೇಶ ಆಯಿತು. ಖರ್ಚು ಸುಮಾರು 400 ಕೋಟಿ. ವಾಸ ವಿಧಾನಮಂಡಲದ ಅಧಿವೇಶನಕ್ಕೆಂದು ವರ್ಷಕ್ಕೆ ಹೆಚ್ಚೂಕಡಿಮೆ ಹತ್ತು ದಿನ, ಅದೂ ಡಿಸೆಂಬರಿನ ಹಿತವಾದ ಚಳಿಯಲ್ಲಿ. ಉಳಿದ ದಿನ ಕಾವಲುಗಾರರು, ಕಸ ಹೊಡೆಯುವವರು, ಜಿಲ್ಲೆಯ ಕೆಲವು ಕಚೇರಿಗಳು ಮತ್ತು ಪಾರಿವಾಳಗಳು.

ಇದನ್ನು ದುಂದು ಎಂದು ಬೈಯುವವರಿದ್ದಾರೆ. ನಾನು ಅವರ ಪೈಕಿ ಅಲ್ಲ. ನಮ್ಮ ಮಂದಿ ತಮ್ಮ ಮೂರು ಗುಂಟೆಯಲ್ಲಿ ಏನು ಮಾಡುತ್ತಾರೋ ಅದನ್ನೇ ಸರಕಾರ ನೂರಕ್ಕೂ ಹೆಚ್ಚು ಎಕರೆಯಲ್ಲಿ ಮಾಡಿದೆ. ಬೈಯುವುದಿದ್ದರೆ ನಮ್ಮ ಓಣಿಯಿಂದ ಶುರು ಮಾಡಬೇಕು.

ಓಣಿಯಲ್ಲಿ ನಿವೃತ್ತ ಗಣಿತದ ಮಾಸ್ತರರೊಬ್ಬರಿದ್ದಾರೆ. ಪಿಂಚಣಿಯವರು, ಮಿತಭಾಷಿಗಳು, ತರಕಾರಿ ಚೀಲದಲ್ಲೂ ಕೂಡು-ಕಳೆ ಇಟ್ಟುಕೊಂಡು ತಿರುಗುವವರು. ಒಂದು ಸಂಜೆ ಅವರೇ ಲೆಕ್ಕ ಹಾಕಿ ಹೇಳಿದರು: ‘ವರ್ಷಕ್ಕ ಹತ್ತು ದಿವಸ, ಹನ್ನೆರಡು ವರ್ಷ ಹಿಡಿ. ಕೊರೊನಾದಾಗ ತಪ್ಪಿದ್ದನ್ನೂ ನಡದೈತಿ ಅಂತನ ತಿಳಕೊ. ನೂರಾ ಇಪ್ಪತ್ತು ದಿವಸ ಆತು. ನಾಕನೂರು ಕೋಟಿ ಭಾಗಿಸು. ದಿನಕ್ಕ ಮೂರು ಕೋಟಿ ಮೂವತ್ತಮೂರು ಲಕ್ಷ ಬರೇ ಬಾಡಿಗಿ! ಊಟ, ಕಾರು, ಲಾಡ್ಜು ಬ್ಯಾರೆ.’ ಹೀಗೆ ಹೇಳಿ, ರೊಕ್ಕ ಹಾಳು ಮಾಡುವವರ ಬಗ್ಗೆ ಎರಡು ಮಾತು ಬೈದು, ಬಗಲಲ್ಲಿದ್ದ ಸುರುಳಿ ಬಿಚ್ಚಿದರು. ಅವರ ಹೊಸ ಮನೆಯ ಪ್ಲಾನು. ಹೆದ್ದಾರಿ ಕಡೆಯ ಲೇಔಟಿನಲ್ಲಿ ಎನ್‌.ಎ. (ಕೃಷಿಯೇತರ) ಆದ ಪ್ಲಾಟು. ಮೇಲೆ ಕೆಳಗೆ ಸೇರಿ 2,400 ಚದರಡಿ.

ಮನೆಯಲ್ಲಿ ಇರುವವರು ಇಬ್ಬರು: ಮಾಸ್ತರರು ಮತ್ತು ಅವರ ಹೆಂಡತಿ, ಓಣಿಗೆಲ್ಲ ಕಾಕು. ಮಗ ಪುಣೆಯಲ್ಲಿ. ಗಣಪತಿಗೆ ಐದು ದಿನ, ದೀಪಾವಳಿಗೆ ನಾಲ್ಕು ದಿನ, ಯಾರದಾದರೂ ಮದುವೆಗೆ ಒಂದು ದಿನ ಬರುತ್ತಾನೆ. ಕೂಡಿಸಿ ನೋಡಿ. ನಾನು ಕೂಡಿಸಿದೆ, ಮಾಸ್ತರರು ಕೂಡಿಸಲಿಲ್ಲ. ಮಗನಿಗಾಗಿ ಮೇಲಿನ ಇಡೀ ಮಹಡಿ. ಅದರಲ್ಲಿ ಮಾಸ್ಟರ್ ಬೆಡ್‌ರೂಮು, ಮಕ್ಕಳ ರೂಮು (ಮಗನಿಗೆ ಇನ್ನೂ ಮದುವೆಯಾಗಿಲ್ಲ), ಹೋಮ್ ಥಿಯೇಟರು, ಬಾಲ್ಕನಿ. ಬಾಲ್ಕನಿಯಲ್ಲಿ ನಿಂತರೆ ದೂರದಲ್ಲಿ ಸುವರ್ಣಸೌಧ ಕಾಣುತ್ತದಂತೆ. ಒಂದು ಖಾಲಿ ಮನೆಯಿಂದ ಇನ್ನೊಂದು ಖಾಲಿ ಮನೆ ನೋಡುವ ಸೌಲಭ್ಯಕ್ಕೆ ಗಾಜಿನ ರೇಲಿಂಗ್ ಬೇರೆ.

ಸೌಧವನ್ನು ಒಂದು ಮಾತಿಗೆ ಸಮರ್ಥಿಸಬೇಕು. ಅದು ವಾಸಕ್ಕೆಂದು ಕಟ್ಟಿದ ಮನೆಯೇ ಅಲ್ಲ. 2004ರಲ್ಲಿ ಮಹಾರಾಷ್ಟ್ರ ಗಡಿ ತಕರಾರನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. 2006ರಲ್ಲಿ ನಮ್ಮವರು ಕೆ.ಎಲ್‌.ಇ. ಸಂಸ್ಥೆಯ ಆವರಣದಲ್ಲಿ ಬೆಳಗಾವಿಯ ಮೊದಲ ಅಧಿವೇಶನ ನಡೆಸಿದರು. ಎಷ್ಟು ದಿನ ಮಂದಿಯ ಮನೆಯಲ್ಲಿ ಕೂಡುವುದು ಎಂದು ಆಮೇಲೆ ಸ್ವಂತದ್ದು ಎದ್ದಿತು. ಪಕ್ಕದ ಪ್ಲಾಟಿನವನು ಬೇಲಿ ಸರಿಸುತ್ತಾನೆಂಬ ಅನುಮಾನ ಬಂದಾಗ ಯಾರೂ ಅಡುಗೆಮನೆ ಎಲ್ಲಿರಬೇಕೆಂದು ಯೋಚಿಸುವುದಿಲ್ಲ, ಮೊದಲು ಕಂಪೌಂಡು ಕಟ್ಟುತ್ತಾರೆ. ಸೌಧ 400 ಕೋಟಿಯ ಕಂಪೌಂಡು ಗೋಡೆ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತಿದೆ. ತೊಂದರೆ ಏನೆಂದರೆ, ಗೋಡೆ ಎಂದು ಒಪ್ಪಿಕೊಂಡಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ‘ಉತ್ತರ ಕರ್ನಾಟಕದ ಅಭಿವೃದ್ಧಿ ಇಲ್ಲಿಂದಲೇ’ ಎಂದು ಮನೆಯ ಹೆಸರು ಕೊಟ್ಟರು ನೋಡಿ, ಅಲ್ಲಿ ಹಿತ್ತಲು ಎಲ್ಲಿ, ಬಚ್ಚಲು ಎಲ್ಲಿ ಎಂದು ಮಂದಿ ಕೇಳತೊಡಗಿದರು.

ಮಾಸ್ತರರ ಮನೆಗೆ ಗಡಿ ತಕರಾರಿಲ್ಲ. ಅವರ ತಕರಾರು ಬೀಗರೊಂದಿಗೆ. ಬೀಗರಾಗಬಹುದಾದವರು, ಅಂದರೆ ಇನ್ನೂ ಸಿಗದ ಹುಡುಗಿಯ ತಂದೆ-ತಾಯಿ, ಎಂದೋ ಒಂದು ದಿನ ಬಂದು ಹಾಲ್‌ನಲ್ಲಿ ಕೂತು ತಲೆಯೆತ್ತಿ ನೋಡಿದಾಗ ಸೀಲಿಂಗು ಹದಿನೆಂಟು ಅಡಿ ಎತ್ತರದಲ್ಲಿರಬೇಕು. ಆ ಅರ್ಧ ತಾಸಿನ ನೋಟಕ್ಕಾಗಿ ಡಬಲ್ ಹೈಟ್ ಹಾಲು, ಅದರಲ್ಲೊಂದು ಝೂಮರು. ಝೂಮರಿನ ಬಲ್ಬು ಹೋದರೆ ಬದಲಿಸುವವರು ಯಾರು ಎಂದು ಕೇಳಿದೆ. ಇಂಜಿನಿಯರ್ ನನ್ನನ್ನು ಅಭಿವೃದ್ಧಿ ವಿರೋಧಿ ಎಂಬಂತೆ ನೋಡಿದ.

ಅಡುಗೆಮನೆಯ ವಿಷಯ ಇನ್ನೂ ಗಹನವಾದದ್ದು. ಪ್ಲಾನಿನಲ್ಲಿ ಮಾಡ್ಯುಲರ್ ಕಿಚನ್ ಇದೆ: ಕರಿ ಗ್ರಾನೈಟು, ಚಿಮಣಿ, ಮುಟ್ಟಿದರೆ ಜಾರುವ ಡ್ರಾವರುಗಳು. ಅದರ ಹಿಂದೆ, ಕಂಪೌಂಡಿಗೆ ಅಂಟಿಕೊಂಡು, ಪತ್ರಾಸಿನ, ಅಂದರೆ ತಗಡಿನ, ಶೆಡ್ಡು. ಅದು ಏತಕ್ಕೆ? ಜೋಳದ ರೊಟ್ಟಿ ಬಡಿಯಲಿಕ್ಕೆ. ಮಾಡ್ಯುಲರ್ ಕಿಚನ್ನಿನಲ್ಲಿ ರೊಟ್ಟಿ ಬಡಿದರೆ ಹಿಟ್ಟು ಹಾರಿ ಲ್ಯಾಮಿನೇಟು ಕೆಡುತ್ತದೆ, ಒಗ್ಗರಣೆ ಹಾಕಿದರೆ ಚಿಮಣಿಗೆ ಜಿಡ್ಡು ಹಿಡಿಯುತ್ತದೆ. ಆದ್ದರಿಂದ ಅಡುಗೆಮನೆಯಲ್ಲಿ ಅಡುಗೆ ಮಾಡಬಾರದು. ಈ ತತ್ತ್ವ ಕೇಳಿ ನನಗೆ ಗಾಬರಿಯೇನೂ ಆಗಲಿಲ್ಲ. ಬೆಳಗಾವಿಗೆ ಬಂದು ಉತ್ತರ ಕರ್ನಾಟಕದ ಚರ್ಚೆಯನ್ನು ಕೊನೆಯ ದಿನಗಳಿಗೆ ದೂಡಿ, ಬೆಂಗಳೂರಿನ ಜಗಳವನ್ನು ಮೊದಲ ದಿನದಿಂದ ಆಡುವವರನ್ನು ನೋಡಿದ್ದೇವಲ್ಲ. ಮನೆ ಯಾವ ಕೆಲಸಕ್ಕೆಂದು ಕಟ್ಟಿದ್ದೋ ಆ ಕೆಲಸ ಹಿಂದಿನ ಶೆಡ್ಡಿನಲ್ಲಿ ಆಗಬೇಕು.

ಈಗ ರೊಕ್ಕದ ಮಾತು. ಕಾಂಟ್ರಾಕ್ಟರ್ ಚದರಡಿಗೆ ಎರಡು ಸಾವಿರ ಎಂದ. 48 ಲಕ್ಷ. ಮಾಸ್ತರರು ಗಣಿತದವರಾದ್ದರಿಂದ ಸಾಮಾನಿನ ಲೆಕ್ಕವನ್ನೂ ತೆಗೆದರು. ಚದರಡಿಗೆ ಹೆಚ್ಚೂಕಡಿಮೆ 0.4 ಚೀಲ ಸಿಮೆಂಟು, 4 ಕಿಲೋ ಸರಳು ಎಂಬುದು ಗೌಂಡಿಗಳ ಬಾಯಲ್ಲೂ ಇರುವ ಅಂದಾಜು. 960 ಚೀಲ, ಒಂಬತ್ತೂವರೆ ಟನ್ನಿನ ಮೇಲೆ. ಸಿಮೆಂಟಿನ ಜಿ.ಎಸ್‌.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದದ್ದು ಅವರಿಗೆ ನೆನಪಿತ್ತು. ‘ಹಂಗಾರ ನಿನ್ನ ರೇಟೂ ಇಳೀಬೇಕಲ್ಲ?’ ಎಂದು ಕೇಳಿದರು. ಕಾಂಟ್ರಾಕ್ಟರ್ ಕೈಮುಗಿದು ಹೇಳಿದ, ‘ಸರ, ಅದು ಏರಿದಾಗ ನಾ ನಿಮಗ ಹೇಳ್ತೇನಿ.’

ಆಮೇಲೆ ಹೊರಬಂದದ್ದು ಅಸಲು ವಿಷಯ. ಕಂಪೌಂಡು? ‘ಅದು ರೇಟಿನಾಗ ಬರೂದಿಲ್ರಿ.’ ನೀರಿನ ಸಂಪು? ಬರೂದಿಲ್ರಿ. ಸೆಪ್ಟಿಕ್ ಟ್ಯಾಂಕು, ಗೇಟು, ಬೋರು, ಕರೆಂಟಿನ ಮೀಟರು? ಯಾವುದೂ ಬರೂದಿಲ್ರಿ. ಪಟ್ಟಿ ಇಷ್ಟು ಉದ್ದವಾಗುವ ಹೊತ್ತಿಗೆ ಮಾಸ್ತರರು ಕುರ್ಚಿ ಹಿಡಿದುಕೊಂಡರು. ಲೋಕೋಪಯೋಗಿ ಇಲಾಖೆಯ ಎಸ್ಟಿಮೇಟಿನಲ್ಲಾದರೂ ಅನಿರೀಕ್ಷಿತ ಖರ್ಚಿಗೆಂದು ಶೇ. 3ರಿಂದ 5 ಎತ್ತಿಡುವ ಪದ್ಧತಿಯಿದೆ. ನಮ್ಮ ಮನೆಗಳ ಬಜೆಟ್ಟಿನಲ್ಲಿ ಆ ಸಾಲೇ ಇರುವುದಿಲ್ಲ. ಅನಿರೀಕ್ಷಿತ ಖರ್ಚು ಎಂದರೆ ನಮಗೆ ಅಪಶಕುನ. ನಾಮಫಲಕದ ಗ್ರಾನೈಟಿಗೆ ಮಾತ್ರ ಪಾಯಾ ತೆಗೆಯುವ ಮೊದಲೇ ಅಡ್ವಾನ್ಸ್ ಹೋಗಿರುತ್ತದೆ.

ಬ್ಯಾಂಕಿನವರು ಇದಕ್ಕಿಂತ ಸ್ಪಷ್ಟ. ರಿಸರ್ವ್ ಬ್ಯಾಂಕಿನ ಕಟ್ಟಳೆಯಂತೆ 30 ಲಕ್ಷದ ತನಕದ ಗೃಹಸಾಲಕ್ಕೆ ಮನೆಯ ಬೆಲೆಯ ಶೇ. 90ರವರೆಗೆ, ಅದರ ಮೇಲೆ 75 ಲಕ್ಷದ ತನಕ ಶೇ. 80ರವರೆಗೆ ಕೊಡಬಹುದು, ಉಳಿದದ್ದು ಕೈಯಿಂದ. ಅಂದರೆ 48 ಲಕ್ಷಕ್ಕೆ 9 ಲಕ್ಷ 60 ಸಾವಿರ ಮಾಸ್ತರರ ಗ್ರಾಚ್ಯುಟಿಯಿಂದ. ಸಾಲ ಮಗನ ಹೆಸರಿನಲ್ಲಿ. ‘ಬರೂದಿಲ್ರಿ’ ಪಟ್ಟಿ ಬ್ಯಾಂಕಿನ ಕಿವಿಗೆ ಬೀಳುವುದೇ ಇಲ್ಲ, ಅದೆಲ್ಲ ಕಾಕುವಿನ ಬಂಗಾರದ ಕಡೆ ನೋಡುತ್ತದೆ. ಜತೆಗೊಂದು ಗಡುವು: ಹಳೆಯ ತೆರಿಗೆ ಪದ್ಧತಿಯಲ್ಲಿ ಬಡ್ಡಿಗೆ ವರ್ಷಕ್ಕೆ 2 ಲಕ್ಷದ ರಿಯಾಯಿತಿ ಬೇಕಿದ್ದರೆ, ಸಾಲ ತೆಗೆದ ಆರ್ಥಿಕ ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ ಮನೆ ಮುಗಿಯಬೇಕು. ತಪ್ಪಿದರೆ 30 ಸಾವಿರ ಮಾತ್ರ. ಐದು ವರ್ಷ ಬೇಕಾದಷ್ಟಾಯಿತು ಎಂದು ಮಾಸ್ತರರು ನಕ್ಕರು. ಅವರು ಆಷಾಢವನ್ನು, ಪಕ್ಷಮಾಸವನ್ನು, ಬೆಳಗಾವಿಯ ನಾಲ್ಕು ತಿಂಗಳ ಜಡಿಮಳೆಯನ್ನು, ಕಬ್ಬಿನ ಕಟಾವಿಗೆ ಹೋಗಿಬಿಡುವ ಕೂಲಿಗಳನ್ನು, ವಾಸ್ತುವಿನವರು ಬಂದು ಹೋದ ಮೇಲೆ ಸ್ಥಳ ಬದಲಿಸುವ ಜಿನೆಯನ್ನು, ಅಂದರೆ ಮೆಟ್ಟಿಲನ್ನು, ಇನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸೌಧದ ಪ್ಲಾನಿಗೆ ಮರಳಿದರೆ, ಅದರ ಅತಿ ದೊಡ್ಡ ಗುಟ್ಟು ಹೊರಗಿನವರಿಗೆ ತಿಳಿಯುವುದಿಲ್ಲ. ಅದರಲ್ಲಿ ಭವ್ಯ ಹಾಲುಗಳಿವೆ, ಕೂಡಲು ಕುರ್ಚಿಗಳಿವೆ, ಮಲಗಲು ಜಾಗ ಇಲ್ಲ. ಅತಿಥಿಗಳು ನೂರಾರು ಮೈಲಿ ದೂರದಿಂದ ಬರುತ್ತಾರೆ, ರಾತ್ರಿ ಊರಿನ ಹೋಟೆಲು, ಲಾಡ್ಜು, ಅತಿಥಿಗೃಹಗಳಿಗೆ ಹಂಚಿಹೋಗುತ್ತಾರೆ. ಅದು ಮದುವೆಯ ಸೀಜನ್ನೂ ಹೌದು. ಡಿಸೆಂಬರಿನಲ್ಲಿ ಮಗಳ ಮದುವೆ ಇಟ್ಟುಕೊಂಡವನು ದಿಬ್ಬಣದವರಿಗೆ ರೂಮು ಹುಡುಕುತ್ತ ಊರೆಲ್ಲ ಸುತ್ತುತ್ತಾನೆ. ಎಲ್ಲ ಕಡೆ ‘ಅಧಿವೇಶನಕ್ಕ ಬುಕ್ ಆಗೇತ್ರಿ’ ಎಂಬ ಉತ್ತರ. ಶಾಸಕರ ಭವನ ಬೇಕೆಂಬ ಮಾತು ಅಧಿವೇಶನಕ್ಕೊಮ್ಮೆ ಏಳುತ್ತದೆ, ಅತಿಥಿಗಳ ಜತೆಯಲ್ಲೇ ಬೆಂಗಳೂರಿನ ಬಸ್ಸು ಹತ್ತುತ್ತದೆ. ಅಂದರೆ ಹತ್ತು ದಿನದ ಮನೆಗೆ ಇನ್ನೊಂದು ಹತ್ತು ದಿನದ ಮನೆ ಬೇಕು.

ಮತ್ತೆ ಮನೆಯ ಯಜಮಾನರು? ಅಂದರೆ ರೊಕ್ಕ ಕೊಟ್ಟು ಕಟ್ಟಿಸಿದವರು? ಅವರು ಆ ಹತ್ತು ದಿನ ಸೌಧದ ಸಮೀಪ ಕೊಂಡಸಕೊಪ್ಪದಲ್ಲಿ, ಸುವರ್ಣ ಗಾರ್ಡನ್ನಿನಲ್ಲಿ ಟೆಂಟು ಹೊಡೆದುಕೊಂಡು ಧರಣಿ ಕೂತಿರುತ್ತಾರೆ. ಕಬ್ಬಿನ ಬಾಕಿಯವರು, ಅತಿಥಿ ಉಪನ್ಯಾಸಕರು, ಅಂಗನವಾಡಿಯವರು, ನೀರು ಕೇಳುವವರು. ಗೇಟಿನೊಳಗೆ ಬಿಡದಿದ್ದರೂ ಅವರವರ ಟೆಂಟಿಗೆ ಮಂತ್ರಿಗಳು ಬಂದು ಮನವಿ ತೆಗೆದುಕೊಳ್ಳುತ್ತಾರೆ. ಬಂದವರು ಒಳಗೆ, ಕರೆದವರು ಹೊರಗೆ. ಮಾಸ್ತರರ ಪ್ಲಾನಿನಲ್ಲೂ ಅದೇ ಕ್ರಮ: ಹಾಲಿನ ಸೋಫಾಕ್ಕೆ ಪ್ಲಾಸ್ಟಿಕ್ ಕವರು ತೆಗೆಯುವಂತಿಲ್ಲ, ಆದ್ದರಿಂದ ಇಬ್ಬರೂ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಟಿ.ವಿ. ನೋಡುತ್ತಾರೆ. ಹಗ್ಗದ ಮಂಚವೂ ಅಲ್ಲೇ.

ಇಷ್ಟು ವರ್ಷದಲ್ಲಿ ಸುವರ್ಣಸೌಧವನ್ನು ಮನೆಯಂತೆ ನಡೆಸಿಕೊಂಡವರು ಒಬ್ಬರೇ. 2022ರಲ್ಲಿ ಅಲ್ಲಿ ಸ್ವಚ್ಛತೆ ಕೆಲಸಕ್ಕಿದ್ದ ಹೆಣ್ಣುಮಗಳು ಅಷ್ಟು ದೊಡ್ಡ ಅಂಗಳ, ಅಷ್ಟು ಚಂದದ ಬಿಸಿಲು ಸುಮ್ಮನೆ ಬಿದ್ದಿರುವುದನ್ನು ನೋಡಿ ಸೌಧದ ಮುಂದೆ ಶಾವಿಗೆ ಒಣಹಾಕಿದಳು. ಮಳೆ ಹಿಡಿಯುವ ಮೊದಲು ಶಾವಿಗೆ, ಸಂಡಿಗೆ, ಹಪ್ಪಳ ಮುಗಿಸಬೇಕು ಎಂಬುದು ಈ ಭಾಗದ ಯಾವ ಹೆಂಗಸಿಗೂ ಹೇಳಿಕೊಡಬೇಕಿಲ್ಲ. ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಸೌಧದ ಘನತೆಗೆ ಧಕ್ಕೆಯಾಯಿತು. ಅವಳನ್ನು ಕೆಲಸದಿಂದ ತೆಗೆದರು. ಮಂದಿ ಛೀಮಾರಿ ಹಾಕಿದ ಮೇಲೆ ಮತ್ತೆ ಕರೆದರು. ಕಟ್ಟಡವನ್ನು ವರ್ಷಗಟ್ಟಲೆ ಖಾಲಿ ಇಟ್ಟವರಿಗೆ ಯಾರೂ ನೋಟಿಸು ಕೊಟ್ಟದ್ದು ನೆನಪಿಲ್ಲ.

ಈ ಕಥೆ ಮಾಸ್ತರರ ಮನೆಯಲ್ಲಿ ಪ್ಲಾನು ಹರವಿಕೊಂಡಿದ್ದಾಗ ಬಂತು. ಕಾಕು ಅಲ್ಲಿಯ ತನಕ ಒಂದು ಮಾತೂ ಆಡಿರಲಿಲ್ಲ. ಯಾರೂ ಕೇಳಿರಲಿಲ್ಲ ಎಂಬುದು ಸರಿಯಾದ ಮಾತು. ಚಹಾ ಇಟ್ಟು, ಕಣ್ಣಿಗೆ ಚಾಳೀಸು ಏರಿಸಿ, ಇಂಜಿನಿಯರನಿಗೆ ಕೇಳಿದಳು: ‘ಶಾವಿಗಿ ಎಲ್ಲಿ ಹಾಕಲಿ?’

ಇಂಜಿನಿಯರ್ ಟೆರೇಸು ತೋರಿಸಿದ. ಆದರೆ ಟೆರೇಸು ಸೋರಬಾರದೆಂದು ಮೇಲೆ ಪತ್ರಾಸು, ಪತ್ರಾಸಿನ ಮೇಲೆ ಸೋಲಾರು. ಬಾಲ್ಕನಿಗೆ ಗಾಜು, ಮೇಲೆ ಸ್ಲ್ಯಾಬು. ಹಿಂದೆ ಶೆಡ್ಡು. ಎರಡೂ ಬಾಜು ಬಿಡಬೇಕಾದ ಜಾಗ ಕಾಗದದಲ್ಲಿ ಮಾತ್ರ ಬಿಟ್ಟದ್ದು. 2,400 ಚದರಡಿಯಲ್ಲಿ ಒಂದು ಹಾಸಿಗೆಯಷ್ಟು ಬಿಸಿಲಿಗೆ ಜಾಗ ಇರಲಿಲ್ಲ. ಉಳಿದದ್ದು ಮುಂದಿನ ಕಾರ್ ಪೋರ್ಚು, ಪುಣೆಯಿಂದ ಬರುವ ಕಾರಿಗೆ ಮೀಸಲು.

ಕಾಕು ಟೇಬಲ್ಲಿನ ಮೇಲಿದ್ದ ಕೆಂಪು ಪೆನ್ನು ಎತ್ತಿಕೊಂಡು ಪೋರ್ಚಿನ ಮೇಲೆ ಅಡ್ಡಗೀಟು ಎಳೆದಳು. ‘ಇಲ್ಲಿ ಒಂದು ಕಟ್ಟಿ ಹಾಕ್ರಿ. ಅಗಲ ಇರ್ಲಿ, ಮ್ಯಾಲ ಏನೂ ಬ್ಯಾಡ.’ ಇಂಜಿನಿಯರ್ ಎಲಿವೇಶನ್ ಕೆಡುತ್ತದೆ ಎಂದ. ಮಾಸ್ತರರು ಬೀಗರು ಏನಂದಾರು ಎಂದರು.

‘ಅಲ್ಲಿ ಅಕೀನ್ನ ಕೆಲಸದಿಂದ ತಗದ್ರು,’ ಎಂದಳು ಕಾಕು, ‘ಇಲ್ಲಿ ನನ್ನ ಯಾರು ತಗೀತಾರ, ನೋಡೂಣು.’